ಕಾಶೀದ್–ಫಣಸಾಡ್ ಕಡೆ ನಾಲ್ಕು ಕುದುರೆ, ಎರಡು ರಾತ್ರಿ: ಕಟ್ಟೋದು ಹೇಗೆ, ಮೇವು-ನೀರು ಎಷ್ಟು?

ಕೊಥ್ರೂಡ್ ಸವಾರ

ಜನವರಿ ಕೊನೆಯ ವಾರ ಪುಣೆಯಿಂದ ನಾಲ್ಕು ಜನ, ನಾಲ್ಕು ಕುದುರೆ. ಎರಡು ಮಾರವಾಡಿ, ಒಂದು ಕಾಠಿಯಾವಾಡಿ, ಒಂದು ರೇಸ್ ಬಿಟ್ಟ ಥರೋಬ್ರೆಡ್. ತೂಕ 350ರಿಂದ 450 ಕೆಜಿ ಒಳಗೆ. ಲಾರಿಯಲ್ಲಿ ತಾಮ್ಹಿಣಿ ಘಾಟ್ ಇಳಿದು ಮಾಣಗಾಂವ್ ಮೇಲೆ ಮುರುಡ್ ಕಡೆಗೆ. ಮಹಾರಾಷ್ಟ್ರದ ಕೊಂಕಣ ಕರಾವಳಿಯ ಕಾಶೀದ್-ನಾಂದಗಾಂವ್ ನಡುವೆ ಕಡಲ ದಂಡೆಯ ಗಾಳಿಮರದ ತೋಪಿನಲ್ಲಿ ಎರಡು ರಾತ್ರಿ ಟೆಂಟ್. ಬೆಳಗ್ಗೆ ಮರಳಿನ ಮೇಲೆ, ಸಂಜೆ ಫಣಸಾಡ್ ಕಾಡಿನಂಚಿನಲ್ಲಿ ಸವಾರಿ ಅಂತ ಯೋಜನೆ.

ಲಾಯದಲ್ಲಿ ಇವು ಬಿಡಿಬಿಡಿ ಕೋಣೆಯಲ್ಲಿರುತ್ತವೆ, ರಾತ್ರಿ ಬಯಲಲ್ಲಿ ಕಟ್ಟಿ ಅಭ್ಯಾಸವಿಲ್ಲ. ಗೂಟ ಹೊಡೆದು ಕಟ್ಟಬಹುದೇ? ಮೇವು ಅಲ್ಲೇ ಸಿಗುತ್ತದೆಯೇ, ಇಲ್ಲಿಂದ ಒಯ್ಯಬೇಕೇ? ನೀರು ಎಷ್ಟು? ಚಿರತೆ, ಉಣುಗು, ಉಬ್ಬರ-ಇಳಿತ, ಬೇರೇನು ನೋಡಿಕೊಳ್ಳಬೇಕೋ ತಿಳಿದವರು ಹೇಳಿ. "ಹೋಗಿ ಬನ್ನಿ, ಮಜಾ ಇರುತ್ತೆ" ಅನ್ನೋ ಉತ್ತರ ಬೇಡ, ಅಳತೆ ಸಮೇತ ಬೇಕು.

ಧಾರವಾಡದ ಜೀನು

ಮೊದಲ ಜಾಗಾ ಬದಲ್ ಮಾಡ್ರಿ. ದಂಡಿ ಮ್ಯಾಲಿನ ಗಾಳಿಮರದ ತೋಪು ನಿಮ್ಮದಲ್ಲ, ಅಲ್ಲಿ ಇಳಿಯಾಕ ಅನುಮತಿ ಕೇಳಬೇಕಾಗ್ತದ. ಮ್ಯಾಲಾಗಿ ಗಾಳಿಮರದ ಬೇರು ಮ್ಯಾಲ ಮ್ಯಾಲ ಇರ್ತಾವ, ಕುದುರಿ ಒಂದ ರಾತ್ರಿ ಗೊರಸಿನಿಂದ ಕೆದರಿದ್ರ ಬೇರು ಹೊರಗ ಬಿದ್ದಬಿಡ್ತಾವ. ಊರೊಳಗ ಅಡಿಕಿ-ತೆಂಗಿನ ವಾಡಿ (ತೋಟ) ಇದ್ದವರನ್ನ ಕೇಳ್ರಿ. ಬಾವಿ ಇರ್ತದ, ಬೇಲಿ ಇರ್ತದ, ಬೆಳಿಗ್ಗೆ ಲದ್ದಿ ಗೊಬ್ಬರಕ್ಕ ಅವರ ತೊಗೋತಾರ. ಒಂದು ಕುದುರಿ ದಿನಕ್ಕ 15-20 ಕೆಜಿ ಲದ್ದಿ ಹಾಕ್ತದ, ನಾಲ್ಕಕ್ಕ ಲೆಕ್ಕಾ ಹಾಕ್ರಿ. ಆದ್ರ ತೆಂಗಿನ ಮರದ ಬುಡಕ್ಕ ಕುದುರಿನೂ ಬ್ಯಾಡ, ಟೆಂಟೂ ಬ್ಯಾಡ. ಕಾಯಿ ಬಿತ್ತಂದ್ರ ಮುಗೀತು. ಮಾವು, ಹಲಸು ಇದ್ದ ಮೂಲಿ ಹುಡುಕ್ರಿ.

ಗೂಟದ ಮಾತು. ಮರಳಾಗ ಗೂಟ ನಿಲ್ಲಂಗಿಲ್ಲ. ಅಗಾಡಿ-ಪಿಛಾಡಿ (ಮುಂದ ಒಂದು, ಹಿಂಗಾಲಿಗೆ ಒಂದು ಹಗ್ಗ ಕಟ್ಟೋದು) ಕಲಿಯದ ಕುದುರಿಗೆ ಹೊಸದಾಗಿ ಪಿಛಾಡಿ ಹಾಕಿದ್ರ ಗೊರಸಿನ ಮ್ಯಾಲಿನ ಚರ್ಮ ಹಗ್ಗಕ್ಕ ಸುಟ್ಟಹಂಗ ಸುಲೀತದ. ನಿಮಗ ಬೇಕಾಗಿದ್ದು ಎತ್ತರದ ಹಗ್ಗ, ಹೈಲೈನ್ ಅಂತಾರಲ್ಲ, ಅದು.

ಎರಡು ಗಟ್ಟಿ ಮರದ ನಡುವ 7 ಅಡಿ ಎತ್ತರಕ್ಕ 12 ಮಿ.ಮೀ. ಪಾಲಿಯೆಸ್ಟರ್ ಹಗ್ಗ ಬಿಗೀರಿ. ನೈಲಾನ್ ಬ್ಯಾಡ, ಇಬ್ಬನಿಗೆ ಹಿಗ್ಗಿ ನಡುರಾತ್ರಿ ಜೋತು ಬೀಳ್ತದ. ಮರಕ್ಕ ನೇರ ಹಗ್ಗ ಸುತ್ತಬ್ಯಾಡ್ರಿ, ತೊಗಟಿ ಕೊರೀತದ. 2-3 ಇಂಚು ಅಗಲದ ಪಟ್ಟಿ ಹಾಕಿ, ಅದಕ್ಕ ಹಗ್ಗ. ಬಿಗಿ ಮಾಡಾಕ ಲಾರಿಯವರು ಲೋಡ್ ಕಟ್ಟೋ ಗಂಟು ಸಾಕು. ಕುದುರಿಯಿಂದ ಕುದುರಿಗೆ 12 ಅಡಿ, ಮರದಿಂದ ಮೊದಲ ಕುದುರಿಗೆ 8 ಅಡಿ. ನಾಲ್ಕನ್ನೂ ಒಂದ ಹಗ್ಗಕ್ಕ ಕಟ್ಟಿದ್ರ 52 ಅಡಿ ಅಂತರದ ಮರ ಬೇಕು, ಮತ್ತ ಅಷ್ಟು ಉದ್ದದ ಹಗ್ಗ ಒಂದು ಕುದುರಿ ಜಗ್ಗಿದ್ರ ನಾಲ್ಕನ್ನೂ ಅಲ್ಲಾಡಸ್ತದ. ಎರಡೆರಡರಂತೆ ಎರಡು ಹಗ್ಗ ಮಾಡ್ರಿ, 28 ಅಡಿ ಸಾಕು.

ಹಗ್ಗದ ಮ್ಯಾಲ ಕುದುರಿ ಜಾಗಾಕ್ಕ ಜಾರದಂಥ ಕುಣಿಕಿ ಹಾಕಿ, ಅದಕ್ಕ ಗಿರಿಗಿರಿ ತಿರುಗೋ ಸ್ವಿವೆಲ್, ಅದಕ್ಕ ಬಾಗಡೋರು, ಅಂದ್ರ ಕುದುರಿ ಹಿಡಿಯೋ ಹಗ್ಗ. ಎಲ್ಲಾರೂ ತಪ್ಪೋದು ಇಲ್ಲೇ: ಬಾಗಡೋರಿನ ಕೊಂಡಿ ಸುಮ್ನ ಇಳಿಬಿಟ್ಟಾಗ ನೆಲದಿಂದ 2 ಅಡಿ ಮ್ಯಾಲ ಇರಬೇಕು. ಇದಕ್ಕಿಂತ ಉದ್ದ ಆತಂದ್ರ ಮುಂಗಾಲು ದಾಟಿ ಸಿಕ್ಕೋತದ, ಗಿಡ್ಡ ಆತಂದ್ರ ಕುತ್ತಿಗಿ ಇಳಿಸಾಕ ಆಗದ ಮೂಗಿನ ನೀರು, ಕಫ ಒಳಗ ಇಳೀತದ. ಗಂಟು ಒಂದ ಜಗ್ಗಿಗೆ ಬಿಚ್ಚೋ ಹಂಗ ಇರಲಿ, ಚೂರಿ ಮರಕ್ಕ ನೇತು ಹಾಕಿರಲಿ. ಹಿಂಗ ಕಟ್ಟಿದ ಕುದುರಿ ಪೂರ್ತಿ ಹೊರಳಂಗಿಲ್ಲ, ಅದಕ್ಕ ಹಗಲ ಒಂದು ತಾಸು ಕೈಯಾಗ ಹಿಡದು ಹೊರಳಿಸ್ರಿ. ಹೊರಡೋ ಮುಂಚೆ ಲಾಯದಾಗ ನಾಲ್ಕೈದು ರಾತ್ರಿ ಹಿಂಗ ಕಟ್ಟಿ ನೋಡ್ರಿ. ಅಲ್ಲಿ ಜಗ್ಗದ ಕುದುರಿ ಇಲ್ಲೂ ಜಗ್ಗಂಗಿಲ್ಲ ಅಂತೇನಿಲ್ಲ, ಆದ್ರ ಅಲ್ಲಿ ಜಗ್ಗೋದು ಇಲ್ಲಿ ಖಂಡಿತ ಜಗ್ಗತದ.

ಠಾಣೆ ಪಶುವೈದ್ಯೆ

ಜೀನು ಅವರ ಹಗ್ಗದ ಲೆಕ್ಕ ಸರಿ. ನಾನು ಹೊಟ್ಟೆ ಮತ್ತು ಕಾಗದದ ಮಾತು ಹೇಳುತ್ತೇನೆ.

ಮೇವು ಪೂರ್ತಿ ಪುಣೆಯಿಂದಲೇ ಒಯ್ಯಿರಿ. ಕೊಂಕಣದಲ್ಲಿ ಸುಲಭವಾಗಿ ಸಿಗುವುದು ಭತ್ತದ ಹುಲ್ಲು. ಕುದುರೆಮಸಾಲೆ ಸೊಪ್ಪು, ಓಟ್ಸ್ ಹುಲ್ಲು ತಿಂದು ಬೆಳೆದ ಕುದುರೆಗೆ ಏಕಾಏಕಿ ಒರಟು ಭತ್ತದ ಹುಲ್ಲು ಹಾಕಿ, ಜೊತೆಗೆ ನೀರೂ ಕಡಿಮೆ ಕುಡಿದರೆ ಕರುಳಿನಲ್ಲಿ ಗಂಟು ಕಟ್ಟಿಕೊಂಡು ಕೋಲಿಕ್ (ಹೊಟ್ಟೆಶೂಲೆ) ಬರುತ್ತದೆ. 400 ಕೆಜಿ ಕುದುರೆಗೆ ದಿನಕ್ಕೆ ಒಟ್ಟು 8 ಕೆಜಿ ಒಣ ಆಹಾರ ಅಂದುಕೊಳ್ಳಿ. ಅದರಲ್ಲಿ ಒಣಹುಲ್ಲು 6 ಕೆಜಿಗೆ ಕಡಿಮೆಯಾಗಬಾರದು. ನಾಲ್ಕು ಕುದುರೆ, ಮೂರು ದಿನ: 72 ಕೆಜಿ. ಲಾರಿ ಕೆಟ್ಟು ನಿಲ್ಲುವುದನ್ನೂ ಸೇರಿಸಿ 100 ಕೆಜಿ ಇರಲಿ. ಕಾಳು-ತೌಡು ಲಾಯದ್ದೇ, ಅಳತೆ ಲಾಯದ್ದಕ್ಕಿಂತ ಹೆಚ್ಚಿಸಬೇಡಿ. ಸುಸ್ತಾಗಿದೆ ಪಾಪ ಅಂತ ಒಂದು ಬೊಗಸೆ ಹುರುಳಿ ಜಾಸ್ತಿ ಹಾಕುವ ಪ್ರೀತಿಯೇ ಅಪಾಯ. ಹಳ್ಳಿ ಅಂಗಡಿಯ ದನದ ಅಥವಾ ಕೋಳಿಯ ಆಹಾರವನ್ನಂತೂ ಮುಟ್ಟಿಸಲೇಬೇಡಿ. ಕೆಲವದರಲ್ಲಿ ಮೊನೆನ್ಸಿನ್ ಅನ್ನುವ ಔಷಧಿ ಇರುತ್ತದೆ. ದನಕ್ಕೆ ಅದು ಪುಷ್ಟಿ, ಕುದುರೆಯ ಹೃದಯಕ್ಕೆ ವಿಷ.

ಹುಲ್ಲಿನ ಕಟ್ಟು ನೆಲದ ಮೇಲೆ ಇಡಬೇಡಿ. ಹಲಗೆಯ ಮೇಲಿಟ್ಟು, ಮೇಲೆ ತಾಡಪಾಲು ಹೊದಿಸಿ, ಬದಿ ತೆರೆದಿಡಿ. ಕಡಲ ತೇವಕ್ಕೆ ಸುತ್ತಲೂ ಮುಚ್ಚಿದ ಹುಲ್ಲು ಬೇಗ ಬೂಷ್ಟು ಹಿಡಿಯುತ್ತದೆ, ಆಮೇಲೆ ಕೆಮ್ಮು.

ಮರಳು. ನೆಲದ ಮೇಲೆ ಹುಲ್ಲು ಹಾಕಿದರೆ ಪ್ರತಿ ಬಾಯಿಗೂ ಮರಳು ಒಳಗೆ ಹೋಗಿ ದೊಡ್ಡ ಕರುಳಿನ ತಳದಲ್ಲಿ ಕೂರುತ್ತದೆ. ಜಾಲರಿ ಚೀಲವನ್ನು ಕುದುರೆಯ ಭುಜದ ಎತ್ತರಕ್ಕೆ ಕಟ್ಟಿ; ಅದಕ್ಕಿಂತ ಕೆಳಗೆ ಕಟ್ಟಿದರೆ ಖಾಲಿಯಾದಾಗ ಜೋತುಬಿದ್ದು ಕಾಲು ಸಿಕ್ಕುತ್ತದೆ. ಕಾಳು ಅಗಲ ರಬ್ಬರ್ ಟಬ್ಬಿನಲ್ಲಿ. ವಾಪಸಾದ ಮೇಲೆ ಆರು ಲದ್ದಿಯುಂಡೆ, ನೆಲಕ್ಕೆ ತಾಗದ ಮೇಲಿನವು, ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಲೀಟರ್ ನೀರಿನೊಂದಿಗೆ ಕಲಕಿ, ಒಂದು ಮೂಲೆ ಕೆಳಗಿರುವಂತೆ 20 ನಿಮಿಷ ನೇತುಹಾಕಿ. ಮೂಲೆಯಲ್ಲಿ ಒಂದು ಚಮಚದಷ್ಟು ಮರಳು ಕೂತರೆ ನಿಮ್ಮ ವೈದ್ಯರಿಗೆ ಹೇಳಿ. ಇಸಬಗೋಲ್ ಎಷ್ಟು, ಎಷ್ಟು ದಿನ ಅನ್ನುವುದನ್ನು ಅವರೇ ತೂಕ ನೋಡಿ ಹೇಳಲಿ.

ನೀರು: ಆ ಸೆಕೆಯಲ್ಲಿ ಕುಡಿಯಲು ತಲಾ 40 ಲೀಟರ್, ಮೈಗೆ ಹೊಯ್ಯಲು 20. ನಾಲ್ಕಕ್ಕೆ ದಿನಕ್ಕೆ 240 ಲೀಟರ್. ದಂಡೆಯ ಬಾವಿ ನೀರು ಸ್ವಲ್ಪ ಉಪ್ಪಾಗಿದ್ದರೆ ಕುದುರೆ ಮೂಸಿ ಬಿಟ್ಟುಬಿಡುತ್ತದೆ, ಬಾಯಾರಿಕೆ ಇದ್ದರೂ. ಅದಕ್ಕೊಂದು ಹಳೇ ಉಪಾಯ: ಹೊರಡುವ ನಾಲ್ಕು ದಿನ ಮೊದಲಿಂದಲೇ ಲಾಯದ ಬಕೆಟ್ಟಿಗೆ ನಿಂಬೆ ಗಾತ್ರದ ಬೆಲ್ಲ ಕರಗಿಸಿ ರೂಢಿ ಮಾಡಿ, ಅಲ್ಲಿಯೂ ಅದೇ ಬೆಲ್ಲ ಹಾಕಿ. ಪಕ್ಕದಲ್ಲೊಂದು ಬಕೆಟ್ ಬರೀ ನೀರೂ ಇರಲಿ. ಅಡುಗೆ ಉಪ್ಪು ದಿನಕ್ಕೆ 30 ಗ್ರಾಂ, ಬೆವರು ಸುರಿದ ದಿನ 60, ತೌಡಿನಲ್ಲಿ ಕಲಸಿ. ನೀರು ಕುಡಿಯದ ಕುದುರೆಗೆ ಉಪ್ಪು ಕೊಡಬೇಡಿ.

ಕಾಗದ: ಪ್ರಯಾಣಕ್ಕೆ ಯೋಗ್ಯ ಅಂತ ಪಶುವೈದ್ಯರ ಪ್ರಮಾಣಪತ್ರ, ಗ್ಲ್ಯಾಂಡರ್ಸ್ ಪರೀಕ್ಷೆಯ ವರದಿ. ಗ್ಲ್ಯಾಂಡರ್ಸ್ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯ 2009ರ ಕಾಯ್ದೆಯ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ, ಮನುಷ್ಯರಿಗೂ ಅಂಟುತ್ತದೆ. ಹಾಗಾಗಿ ಬೇರೆ ಕುದುರೆ ಕುಡಿಯುವ ತೊಟ್ಟಿಗೆ ನಿಮ್ಮವನ್ನು ಬಾಯಿ ಹಾಕಿಸಬೇಡಿ. ಬೀಚಿನಲ್ಲಿ ಸವಾರಿ ಕೊಡುವ ಕುದುರೆಗಳ ಬಕೆಟ್ಟೂ ಬೇಡ. ಧನುರ್ವಾಯು ಲಸಿಕೆ ಆಗಿದೆಯೋ ನೋಡಿ.

ಗದ್ದೆಬಯಲು

ಉಣುಗಿಗೆ ಸುಲಭ ಇದೆ. ದನಕ್ಕೆ ಹಾಕುವ ಅಮಿಟ್ರಾಜ್ ಔಷಧಿ ಎಲ್ಲಾ ಪಶು ಔಷಧಿ ಅಂಗಡಿಯಲ್ಲೂ ಸಿಗುತ್ತೆ, ನೀರಿಗೆ ಬೆರೆಸಿ ಒರೆಸಿಬಿಡಿ, ವಾರ ಉಣುಗು ಹತ್ತಿರ ಬರಲ್ಲ.

ಠಾಣೆ ಪಶುವೈದ್ಯೆ

ಗದ್ದೆಬಯಲು ಅವರೇ, ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಅಮಿಟ್ರಾಜ್ ಕುದುರೆಗೆ ನಿಷಿದ್ಧ. ಚರ್ಮದ ಮೂಲಕ ಒಳಗೆ ಹೋಗಿ ಕರುಳಿನ ಚಲನೆಯನ್ನೇ ನಿಲ್ಲಿಸುತ್ತದೆ; ಒಂದೆರಡು ದಿನ ಬಿಟ್ಟು ಲದ್ದಿ ಕಟ್ಟಿಕೊಂಡು ಕೋಲಿಕ್ ಆಗುತ್ತದೆ, ಕುದುರೆ ಸತ್ತೂ ಹೋಗಬಹುದು. ದನಕ್ಕೆ ಏನೂ ಆಗದಿರುವುದರಿಂದಲೇ ಈ ತಪ್ಪು ಮತ್ತೆ ಮತ್ತೆ ಆಗುವುದು. ಕುದುರೆಗೆ ಅಂತಲೇ ಬರೆದಿರುವ ಪರ್ಮೆಥ್ರಿನ್ ಸ್ಪ್ರೇ ಬಳಸಿ, ಕಣ್ಣು-ಮೂಗು ಬಿಟ್ಟು. ಸಂಜೆ ಸವಾರಿ ಮುಗಿದ ಮೇಲೆ ಕೈಯಿಂದಲೇ ತಡವಿ ನೋಡಿ: ಕಿವಿಯೊಳಗೆ, ಜೂಲಿನ ಬುಡ, ದವಡೆಯ ನಡುವೆ, ತೊಡೆಸಂದು, ಬಾಲದ ಅಡಿ. ಚಿಮಟಿಗೆಯಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆಯಿರಿ, ತಿರುಚಬೇಡಿ, ಸೀಮೆಎಣ್ಣೆ ಹಚ್ಚಬೇಡಿ.

ಕುದುರೆನೊಣ ಕಚ್ಚಿ ಹರಡುವ ಸರ್ರಾ, ಉಣುಗಿನಿಂದ ಬರುವ ಬಬೀಸಿಯಾ, ಈ ಎರಡೂ ರಕ್ತದ ರೋಗಗಳು ಕ್ಯಾಂಪಿನಲ್ಲಿ ಕಾಣಿಸುವುದಿಲ್ಲ, ಮನೆಗೆ ಬಂದ ಮೇಲೆ ತಲೆ ಎತ್ತುತ್ತವೆ. ವಾಪಸಾದ ಮೇಲೆ ಮೂರು ವಾರ ಬೆಳಗ್ಗೆ-ಸಂಜೆ ಜ್ವರ ನೋಡಿ ಬರೆದಿಡಿ. 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ. ಜ್ವರ ಬಂದು ಹೋಗಿ ಮತ್ತೆ ಬಂದರೆ, ಕಾಲು ಊದಿದರೆ, ಜ್ವರ ಇರುವಾಗಲೇ ರಕ್ತಪರೀಕ್ಷೆ ಮಾಡಿಸಿ.

ಗದ್ದೆಬಯಲು

ಗೊತ್ತಿರಲಿಲ್ಲ ಮೇಡಂ. ನನ್ನ ಉತ್ತರ ಯಾರೂ ಅನುಸರಿಸಬೇಡಿ.

ಕಾಣಕೋಣದಿಂದ

ಉಬ್ಬರದ ಲೆಕ್ಕ ಯಾರೂ ಹೇಳಲಿಲ್ಲ, ಅದನ್ನು ನಾನು ಹೇಳಿಬಿಡುತ್ತೇನೆ. ಗೋವೆಯಲ್ಲಿ ಏರಿಳಿತ ಹೆಚ್ಚೆಂದರೆ ಎರಡು ಮೀಟರ್ ಆಸುಪಾಸು. ಮುಂಬೈ-ಅಲಿಬಾಗ್ ಕಡೆ ಅಮಾವಾಸ್ಯೆ-ಹುಣ್ಣಿಮೆಗೆ ನಾಲ್ಕು ಮೀಟರ್ ದಾಟುತ್ತದೆ. ಇಲ್ಲಿಯ ರೂಢಿಯಲ್ಲಿ ಅಲ್ಲಿ ಹೋದರೆ ಕಾಲಡಿಯ ದಂಡೆಯೇ ಮಾಯ.

ಮುಂಬೈ ಕರಾವಳಿಯಲ್ಲಿ ಅಮಾವಾಸ್ಯೆ-ಹುಣ್ಣಿಮೆಗೆ ಉಬ್ಬರ ಮಧ್ಯಾಹ್ನ, ಮಧ್ಯರಾತ್ರಿ ಹೊತ್ತಿಗೆ. ಇಳಿತ ಬೆಳಗ್ಗೆ-ಸಂಜೆ ಆರರ ಸುಮಾರಿಗೆ. ಅಷ್ಟಮಿಗೆ ತಲೆಕೆಳಗು, ಬೆಳಗ್ಗೆ ನೀರು ಮೇಲೆ. ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಬೆಳಗಿನ ಸವಾರಿ ಬೇಕಿದ್ದರೆ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಅಕ್ಕಪಕ್ಕದ ಎರಡು ದಿನ ಆರಿಸಿ, ಗಂಟೆ-ನಿಮಿಷ ಆ ದಿನದ ಉಬ್ಬರದ ಪಟ್ಟಿಯಲ್ಲಿ ನೋಡಿ. ಇಳಿತಕ್ಕೆ ಎರಡು ಗಂಟೆ ಮುಂಚೆಯಿಂದ ಎರಡು ಗಂಟೆ ನಂತರದವರೆಗೆ ಗಟ್ಟಿ ಒದ್ದೆ ಮರಳು ಸಿಗುತ್ತದೆ. ಗೊರಸಿನ ಗುರುತು ಅರ್ಧ ಇಂಚು ಮೂಡಿದರೆ ಓಡಿಸಬಹುದು. ಗೊರಸೇ ಮುಚ್ಚುವಷ್ಟು ಹೂತರೆ ನಡಿಗೆ ಮಾತ್ರ, ಇಲ್ಲದಿದ್ದರೆ ಕಾಲಿನ ಹಿಂಬದಿಯ ಸ್ನಾಯುರಜ್ಜು ಎಳೆಯುತ್ತದೆ. ರೇಸ್ ಬಿಟ್ಟ ಕುದುರೆಗೆ ಇದು ಇನ್ನೂ ಮುಖ್ಯ, ತೆರೆದ ದಂಡೆ ಕಂಡರೆ ಅದಕ್ಕೆ ಹಳೇ ಟ್ರ್ಯಾಕು ನೆನಪಾಗುತ್ತದೆ. ಅದನ್ನು ಗುಂಪಿನ ನಡುವೆ ಇಟ್ಟು, ಮೊದಲ ದಿನ ಬರೀ ನಡೆಸಿ. ಖಾಡಿ (ಉಪ್ಪುನೀರಿನ ತೊರೆ) ಸಮುದ್ರ ಕೂಡುವ ಬಾಯಲ್ಲಿ ಇಳಿಯಬೇಡಿ, ಮೇಲೆ ಮರಳು ಕಂಡರೂ ಕೆಳಗೆ ಕೆಸರು. ಕಾಶೀದ್‌ನಲ್ಲಿ ಸೆಳೆತ ಜೋರು, ನೀರು ಕುದುರೆಯ ಮೊಣಕಾಲು ದಾಟದಿರಲಿ.

ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆ ಕೊಂಕಣದ ದಂಡೆಗಳಿಗೆ ಮೊಟ್ಟೆ ಇಡಲು ಬರುತ್ತದೆ. ಇಲ್ಲಿ ಗೋವೆಯಲ್ಲಿ ಗಾಲ್ಜಿಬಾಗ್, ಆಗೊಂದ, ಮೋರ್ಜಿಮ್ ಹೆಸರಾದವು. ಗೂಡು ಇರುವುದು ಉಬ್ಬರದ ಗೆರೆಯ ಮೇಲಿನ ಒಣ ಮರಳಲ್ಲಿ. ಆದ್ದರಿಂದ ಒದ್ದೆ ಮರಳು ಬಿಟ್ಟು ಮೇಲೆ ಹತ್ತಬೇಡಿ, ಕತ್ತಲಾದ ಮೇಲೆ ದಂಡೆಗೆ ಹೋಗಲೇಬೇಡಿ.

ಕಾಡಿನ ಬದಿ: ಫಣಸಾಡ್ 1986ರಿಂದ ಅಭಯಾರಣ್ಯ. ಒಳಗೆ ಕಾಲಿಡಲು 1972ರ ವನ್ಯಜೀವಿ ಕಾಯ್ದೆಯಂತೆ ಪರವಾನಗಿ ಬೇಕು, ಕುದುರೆಗೆ ಬೇರೆಯಾಗಿ ಕೇಳಿ ಲಿಖಿತವಾಗಿ ಪಡೆಯಿರಿ. ಸಿಗದಿದ್ದರೆ ಹೊರಗಿನ ಹಳ್ಳಿ ದಾರಿಯಲ್ಲೇ ತೃಪ್ತಿಪಡಿ. ಕಣಗಿಲೆ, ಕಾಸರಕ, ಲಂಟಾನ ಕಂಡ ಕಡೆ ಹಗ್ಗ ಕಟ್ಟಬೇಡಿ. ಕಣಗಿಲೆಯ ಒಂದು ಹಿಡಿ ಎಲೆ ಸಾಕು ಕುದುರೆ ಕೊಲ್ಲಲು, ಒಣಗಿದ ಎಲೆಯಲ್ಲೂ ವಿಷ ಹೋಗುವುದಿಲ್ಲ. ಮುರಕಲ್ಲಿನ ದಾರಿಗೆ ಲಾಳ ಬೇಕೇ ಬೇಕು.

ಕೊಥ್ರೂಡ್ ಸವಾರ

ಎಲ್ಲರಿಗೂ ಧನ್ಯವಾದ. ವಾಡಿಯೇ ಸರಿ, ದಿನವನ್ನೂ ಹುಣ್ಣಿಮೆಗೆ ಹೊಂದಿಸುತ್ತೇವೆ. ಉಳಿದದ್ದು ಎರಡು: ಲಾಳ ಹಿಂದಿನ ದಿನ ಹೊಡೆಸಿದರೆ ಸಾಕೇ? ಮತ್ತು ರಾತ್ರಿ ಚಿರತೆಗೆ ಬೆಂಕಿ ಹಾಕಬೇಕೇ?

ಧಾರವಾಡದ ಜೀನು

ಹಿಂದಿನ ದಿನ ಬ್ಯಾಡ್ರಿ. ಮೊಳೆ ಜೀವಭಾಗಕ್ಕ ಒತ್ತಿದ್ರ ಕುಂಟು ಎರಡು-ಮೂರು ದಿನ ಬಿಟ್ಟು ಕಾಣಸ್ತದ, ಆವಾಗ ನೀವು ಕಾಶೀದ್‌ನ್ಯಾಗ ಇರ್ತೀರಿ. ಒಂದು ವಾರ ಮೊದಲ ನಾಲಬಂದನ್ನ ಕರಸ್ರಿ. ದಿನಾ ಉಪ್ಪುನೀರಾಗ ತೋಯ್ದು ಬಿಸಿಲಿಗೆ ಒಣಗಿದ್ರ ಗೊರಸು ಹಿಗ್ಗಿ ಕುಗ್ಗಿ ಮೊಳೆ ಸಡಲಾಗ್ತದ, ಅದಕ್ಕ ಸಂಜಿ ನಾಲ್ಕೂ ಕಾಲು ಎತ್ತಿ ಲಾಳ ಅಲ್ಲಾಡಿಸಿ ನೋಡ್ರಿ. ಒಂದು ಸುತ್ತಿಗಿ, ಮೊಳೆ ಕೀಳೋ ಇಕ್ಕಳ, ನಾಲ್ಕು ಬಿಡಿ ಮೊಳೆ ಜೋಡಿ ಇರಲಿ. ತಂಗದ (ಜೀನು ಬಿಗಿಯೋ ಹೊಟ್ಟಿಪಟ್ಟಿ) ಅಡಿ ಮರಳು-ಉಪ್ಪು ಕೂತ್ರ ಒಂದ ತಾಸಿನಾಗ ಗಾಯ. ದಂಡಿಯಿಂದ ಬಂದ ಕೂಡ್ಲೆ ಹೊಟ್ಟಿಯಡಿ, ಮುಂಗಾಲ ಸಂದು ಸಿಹಿನೀರಿನಿಂದ ತೊಳದು, ತಂಗದ ಬಕ್ಕಲ್ಲೂ ಒರಸ್ರಿ.

ಬೆಂಕಿ ಬ್ಯಾಡ. ಒಣ ತರಗು, ಹುಲ್ಲಿನ ಕಟ್ಟು, ಕಟ್ಟಿದ ಕುದುರಿ, ಮೂರೂ ಒಂದ ಕಡೆ ಇದ್ದಾಗ ಒಂದ ಕಿಡಿ ಸಾಕು. ಹಗ್ಗ ಟೆಂಟಿನಿಂದ ಹತ್ತು-ಹದಿನೈದು ಹೆಜ್ಜಿ ದೂರ ಇರಲಿ, ಒಂದು ಸಣ್ಣ ಸೋಲಾರ್ ದೀಪ ಕುದುರಿ ಕಣ್ಣಿಗೆ ಬೀಳದಂಗ ಹಚ್ಚಿಡ್ರಿ, ಎರಡೆರಡು ತಾಸು ಪಾಳಿ ಮ್ಯಾಲ ಒಬ್ಬರು ಎಚ್ಚರ. ಚಿರತಿ ಬಂದ್ರ ನಿಮಗಿಂತ ಮೊದಲ ಕುದುರಿಗೆ ಗೊತ್ತಾಗ್ತದ: ನಾಲ್ಕೂ ಒಂದ ದಿಕ್ಕಿಗೆ ಕಿವಿ ನಿಲ್ಲಿಸಿ, ಮೆಲುಕಾಡೋದು ಬಿಟ್ಟು, ಮೂಗಿನಿಂದ ಫುರ್ ಅಂತಾವ. ಆಗ ಟಾರ್ಚ್ ಹಚ್ಚಿ ಮಾತಾಡಕೋತ ಹತ್ರ ಹೋಗಿ ನಿಲ್ರಿ, ಹಿಂದಿನಿಂದ ಮಾತ್ರ ಹೋಗಬ್ಯಾಡ್ರಿ.

ಠಾಣೆ ಪಶುವೈದ್ಯೆ

"ಮೆಲುಕಾಡೋದು" ದನಕ್ಕೆ, ಜೀನು ಅವರೇ. ಕುದುರೆ ಅಗಿಯುತ್ತದೆ ಅಷ್ಟೆ :) ಉಳಿದದ್ದೆಲ್ಲ ಸರಿ. ಒಂದು ಸೇರಿಸಿ: ಸವಾರಿ ನಿಲ್ಲಿಸಿದ 15 ನಿಮಿಷಕ್ಕೆ ನಾಡಿ ಎಣಿಸಿ, ದವಡೆಯ ಒಳಬದಿಯಲ್ಲಿ ಎರಡು ಬೆರಳಿಟ್ಟು. ನಿಮಿಷಕ್ಕೆ 64ಕ್ಕಿಂತ ಮೇಲಿದ್ದರೆ ನೆರಳಿಗೆ ಒಯ್ದು, ಬಿಡುವಿಲ್ಲದೆ ನೀರು ಹೊಯ್ಯುತ್ತಿರಿ, ಆ ದಿನದ ಸಂಜೆ ಸವಾರಿ ರದ್ದು.

ಧಾರವಾಡದ ಜೀನು

ಹೌದು ಮೇಡಂ, ಬಾಯಿ ತಪ್ಪು. ನಮ್ಮ ಕಡೆ ಎತ್ತು ಜಾಸ್ತಿ.