ಮನೆಯ ಕಾರ್ಯಾಗಾರದಲ್ಲಿ ಗಂಟೆಗಟ್ಟಲೆ ನಿಲ್ಲುವವರಿಗೆ ಎಂಥ ನೆಲಹಾಸು?

ಪ್ರಶ್ನೆ (ಕೊಥ್ರೂಡ್, ಪುಣೆ):

ನಮಸ್ಕಾರ ಸರ್. ನಿವೃತ್ತನಾದ ಮೇಲೆ ಮನೆಯ ಕೆಳಗಿನ ಪಾರ್ಕಿಂಗ್ ಜಾಗದಲ್ಲಿ ಒಂದು ಭಾಗಕ್ಕೆ ಗೋಡೆ ಕಟ್ಟಿಸಿ, ಹತ್ತು ಅಡಿಗೆ ಹನ್ನೆರಡು ಅಡಿಯ ಮರಗೆಲಸದ ಕೋಣೆ ಮಾಡಿಕೊಂಡಿದ್ದೇನೆ. ಕೆಲಸದ ಮೇಜು, ಚಿಕ್ಕ ಲೇತ್, ಟೇಬಲ್ ಗರಗಸ ಇವೆ. ನೆಲ ಹಳೆಯ ಶಹಾಬಾದ್ ಫರ್ಸಿ. ಬೆಳಿಗ್ಗೆ ಕೆಲಸಕ್ಕೆ ನಿಂತರೆ ಊಟದ ಹೊತ್ತಿಗೆ ಹಿಮ್ಮಡಿ ಉರಿಯುತ್ತದೆ, ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತದೆ. ಮಕ್ಕಳ ಆಟದ ಕೋಣೆಗೆ ಹಾಕುವಂಥ ಫೋಮ್ ಟೈಲ್ಸ್ ಇಡೀ ನೆಲಕ್ಕೆ ಹಾಕಿಸೋಣ ಎಂದು ಮಗ ಹೇಳುತ್ತಾನೆ. ಪ್ಲೈವುಡ್ ಹಾಸಿಬಿಡಿ ಎಂದು ಪರಿಚಯದ ಬಡಗಿ ಹೇಳುತ್ತಾರೆ. ತಮ್ಮ ಸಲಹೆ ಏನು?

ಉತ್ತರ (ನೆಲಹಾಸು ಗುತ್ತಿಗೆದಾರ, ಪುಣೆ):

ನಮಸ್ಕಾರ ಹಿರಿಯರೇ. ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ನಿಮ್ಮ ಕೋಣೆಗೆ ನಾನು ಎರಡನ್ನೂ ಸೂಚಿಸುವುದಿಲ್ಲ. ನೆಲವನ್ನು ಇದ್ದಂತೆಯೇ ಬಿಟ್ಟು, ನೀವು ನಿಜವಾಗಿ ನಿಲ್ಲುವ ಎರಡು ಮೂರು ಕಡೆ ಮಾತ್ರ ಗಟ್ಟಿಯಾದ ರಬ್ಬರ್ ಮ್ಯಾಟ್ ಹಾಕಿಸಿಕೊಳ್ಳಿ.

ಶಹಾಬಾದ್ ಕಲ್ಲು ನಮ್ಮ ಕಲಬುರಗಿ ಜಿಲ್ಲೆಯ ಸುಣ್ಣಕಲ್ಲು. ಪುಣೆಯ ಹಳೆಯ ವಾಡೆಗಳ ಅಂಗಳದಲ್ಲೂ ಇಂದಿನ ಪಾರ್ಕಿಂಗ್ ಜಾಗಗಳಲ್ಲೂ ಅದನ್ನೇ ಕಾಣುತ್ತೇವೆ, ಬಾಳಿಕೆಯ ವಿಷಯದಲ್ಲಿ ಅದರ ಬಗ್ಗೆ ದೂರು ಹೇಳುವಂತಿಲ್ಲ. ಆದರೆ ಕಾಲಿನ ಮಟ್ಟಿಗೆ ಅದಕ್ಕೂ ಕಾಂಕ್ರೀಟಿಗೂ ವ್ಯತ್ಯಾಸವಿಲ್ಲ. ಎರಡೂ ಎಳ್ಳಷ್ಟೂ ಬಗ್ಗುವುದಿಲ್ಲ. ನಡೆಯುವಾಗ ಮೀನಖಂಡದ ಸ್ನಾಯುಗಳು ಬಿಗಿದು ಸಡಿಲಗೊಳ್ಳುತ್ತಾ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಒಂದೇ ಕಡೆ ನಿಂತಾಗ ಆ ಸ್ನಾಯುಗಳು ಬಿಗಿದೇ ಉಳಿಯುತ್ತವೆ, ರಕ್ತ ಕಾಲಿನಲ್ಲಿ ತಂಗುತ್ತದೆ, ದೇಹದ ಭಾರವೆಲ್ಲ ಹಿಮ್ಮಡಿಯ ಒಂದೇ ಜಾಗದ ಮೇಲೆ ಬೀಳುತ್ತದೆ. ಪಾದದ ಕೆಳಗಿನ ಹಾಸು ತುಸು ತಗ್ಗಿ ಮತ್ತೆ ಮೇಲೇಳುವಂತಿದ್ದರೆ, ದೇಹ ತನಗೆ ಅರಿವಿಲ್ಲದಂತೆಯೇ ಸಣ್ಣ ಸಣ್ಣ ಚಲನೆಗಳಿಂದ ಸಮತೋಲನ ಕಾಯ್ದುಕೊಳ್ಳುತ್ತದೆ, ಸ್ನಾಯುಗಳಿಗೆ ಕೆಲಸ ಸಿಗುತ್ತದೆ. ಕಾರ್ಖಾನೆಗಳಲ್ಲಿ ಆಯಾಸ ತಡೆಯಲೆಂದು ಹಾಕುವ ಮ್ಯಾಟ್‌ಗಳು ಇದೇ ತತ್ವದ ಮೇಲೆ ತಯಾರಾಗುತ್ತವೆ.

ಹಾಗೆಂದು ಹೆಚ್ಚು ಮೆತ್ತಗಿದ್ದರೆ ಹೆಚ್ಚು ಸುಖ ಎಂದು ಭಾವಿಸಬಾರದು. ತೀರ ಮೆತ್ತನೆಯ ಹಾಸಿನ ಮೇಲೆ ನಿಲ್ಲುವುದು ಹಾಸಿಗೆಯ ಮೇಲೆ ನಿಂತಂತೆ. ಹಿಮ್ಮಡಿ ಹೂತುಹೋಗಿ ಕಣಕಾಲು ಇನ್ನಷ್ಟು ದಣಿಯುತ್ತದೆ, ಗರಗಸದ ಮುಂದೆ ಹಾಗೆ ತೂಗಾಡುವುದು ಅಪಾಯ ಕೂಡ. ಫೋಮ್ ಟೈಲ್ಸ್ ಎಂದು ಮಾರುವುದು ಇವಿಎ ಎಂಬ ಮೆತ್ತನೆಯ ಪ್ಲಾಸ್ಟಿಕ್. ಅದು ಅಗ್ಗ, ಹಗುರ, ಹಾಕುವುದೂ ಸುಲಭ. ಆದರೆ ದಿನವೂ ಒಂದೇ ಕಡೆ ನಿಂತರೆ ಕೆಲವು ತಿಂಗಳಲ್ಲಿ ಅಲ್ಲಿ ಹಿಮ್ಮಡಿಯ ಅಚ್ಚು ಬಿದ್ದು ತಗ್ಗಾಗುತ್ತದೆ, ಬಳಿಕ ನೀವು ನಿಂತಿರುವುದು ಮತ್ತೆ ಕಲ್ಲಿನ ಮೇಲೆಯೇ. ಟೈಲ್ಸ್ ಜೋಡಿಸುವ ಹಲ್ಲುಗಳ ಸಂದಿಯಲ್ಲಿ ಮರದ ಹೊಟ್ಟು ತುಂಬಿಕೊಂಡು ಅಂಚುಗಳು ಎದ್ದುನಿಲ್ಲುತ್ತವೆ. ಇಡೀ ನೆಲಕ್ಕೆ ಹಾಕಿದರೆ ಲೇತ್‌ನ ಕಾಲುಗಳೂ ಫೋಮಿನ ಮೇಲೆಯೇ ಬರುತ್ತವೆ. ಯಂತ್ರದ ಮಟ್ಟ ತಪ್ಪಿ, ಅದುರುವಿಕೆ ಹೆಚ್ಚಿ, ನಿಮ್ಮ ಕೆಲಸವೇ ಕೆಡುತ್ತದೆ. ಯಂತ್ರ ಕಲ್ಲಿನ ಮೇಲಿರಲಿ, ಮನುಷ್ಯ ರಬ್ಬರಿನ ಮೇಲಿರಲಿ.

ಇನ್ನು ಪ್ಲೈವುಡ್. ಸುಮಾರು ಒಂದು ಅಡಿಗೊಂದರಂತೆ ಮರದ ರೀಪರ್ ಪಟ್ಟಿ ಕೂರಿಸಿ, ಮೇಲೆ 18 ಮಿ.ಮೀ. ಪ್ಲೈವುಡ್ ಹೊಡೆದರೆ ಪಟ್ಟಿಗಳ ನಡುವೆ ಅದು ಹದವಾಗಿ ಬಳುಕುತ್ತದೆ. ಮರದ ನೆಲದಷ್ಟು ಹಿತವಾದದ್ದು ಬೇರೆ ಇಲ್ಲ ಎಂದು ನಾನೂ ಒಪ್ಪುತ್ತೇನೆ. ಕೈತಪ್ಪಿ ಬಿದ್ದ ಉಳಿಯ ಬಾಯಿಯೂ ಉಳಿಯುತ್ತದೆ. ಮೊದಲ ಮಹಡಿಯಲ್ಲಿ ಒಣಗಿದ ಕೋಣೆಯಾಗಿದ್ದರೆ ಅದನ್ನೇ ಹೇಳುತ್ತಿದ್ದೆ. ನಿಮ್ಮದು ಮಣ್ಣಿಗೆ ತಾಗಿದ ನೆಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಳಗಿನಿಂದ ತೇವ ಏರುತ್ತದೆ, ಪ್ಲೈವುಡ್ಡಿನ ಕೆಳಗಿನ ಕತ್ತಲೆಯಲ್ಲಿ ಗೆದ್ದಲು ಸೇರಿದರೆ ಗೊತ್ತಾಗುವಷ್ಟರಲ್ಲಿ ಪಟ್ಟಿಗಳು ಟೊಳ್ಳಾಗಿರುತ್ತವೆ. ಹಾಕಲೇಬೇಕೆಂದರೆ ಐಎಸ್ 710 ಗುರುತಿನ, ನೀರು ತಡೆದುಕೊಳ್ಳುವ ಮರೀನ್ ಪ್ಲೈ, ಕೆಳಗೆ ದಪ್ಪ ಪಾಲಿಥೀನ್ ಹಾಳೆ, ಜೊತೆಗೆ ಗೆದ್ದಲಿನ ಔಷಧ, ಇಷ್ಟೂ ಬೇಕು.

ಮ್ಯಾಟ್ 12ರಿಂದ 20 ಮಿ.ಮೀ. ದಪ್ಪವಿರಲಿ, ಅಂಚು ಇಳಿಜಾರಾಗಿರಲಿ; ನೇರ ಅಂಚಿನ ಮ್ಯಾಟ್ ಕಾಲಿಗೆ ಎಡವುತ್ತದೆ. ತೂತುಗಳಿರುವ ಮ್ಯಾಟ್ ಮರಗೆಲಸಕ್ಕೆ ಬೇಡ, ಬಿದ್ದ ಸ್ಕ್ರೂಗಳೆಲ್ಲ ಅದರೊಳಗೇ ಹೋಗುತ್ತವೆ. ಅಂಗಡಿಯಲ್ಲಿ ಚಪ್ಪಲಿ ಬಿಟ್ಟು ಅದರ ಮೇಲೆ ನಿಂತು, ಹಿಮ್ಮಡಿಯಿಂದ ಬಲವಾಗಿ ಒತ್ತಿ ನೋಡಿ: ಕೆಳಗಿನ ನೆಲ ಕಾಲಿಗೆ ತಗುಲಿದರೆ ಅದು ತೆಳುವಾಯಿತು, ಒತ್ತಿದ ಗುರುತು ಕೂಡಲೇ ಮಾಯವಾಗದಿದ್ದರೆ ಅದರ ಗುಣಮಟ್ಟ ಸಾಲದು. ಕೊಲ್ಹಾಪುರ, ಸಾಂಗ್ಲಿ ಕಡೆ ಹಸುಗಳ ಕೊಟ್ಟಿಗೆಗೆಂದು ಮಾರುವ ದಪ್ಪ ರಬ್ಬರ್ ಮ್ಯಾಟ್ ಕೂಡ ಕಾರ್ಯಾಗಾರಕ್ಕೆ ಚೆನ್ನಾಗಿ ಒದಗುತ್ತದೆ, ನಾನೇ ಕೆಲವರಿಗೆ ಹಾಕಿಕೊಟ್ಟಿದ್ದೇನೆ. ಆರೂವರೆ ಅಡಿಗೆ ನಾಲ್ಕು ಅಡಿಯ ಒಂದು ಮ್ಯಾಟ್ 40ರಿಂದ 50 ಕೆ.ಜಿ. ತೂಗುವುದರಿಂದ ಜಾರುವುದಿಲ್ಲ, ಆದರೆ ಒಬ್ಬರೇ ಎತ್ತಲು ಹೋಗಬೇಡಿ, ಕತ್ತರಿಸಿಕೊಂಡು ತನ್ನಿ. ಮೊದಲ ಕೆಲವು ದಿನ ರಬ್ಬರಿನ ವಾಸನೆ ಇರುತ್ತದೆ; ಬಿಸಿಲಿಗೆ ಹಾಕದೆ ನೆರಳಿನಲ್ಲಿ ಗಾಳಿಗೆ ಇಡಿ.

ನೆಲಹಾಸಿನವನಾಗಿ ಹೇಳಬಾರದೇನೋ, ಆದರೆ ಸೊಂಟದ ನೋವಿಗೆ ಮೇಜಿನ ಎತ್ತರವೇ ಕಾರಣವಾಗಿರಬಹುದು. ಹಗುರ ಕೆಲಸಕ್ಕೆ ಮೇಜು ಮೊಣಕೈಗಿಂತ 5ರಿಂದ 10 ಸೆಂ.ಮೀ. ಕೆಳಗಿರಬೇಕು, ರಂದಾ ಹೊಡೆಯುವಂಥ ಭಾರದ ಕೆಲಸಕ್ಕೆ ಇನ್ನೂ ಕೆಳಗೆ, 20 ಸೆಂ.ಮೀ. ಅಥವಾ ಹೆಚ್ಚು. ಮ್ಯಾಟ್ ಹಾಕಿದ ಮೇಲೆ ನೀವೇ ಅಷ್ಟು ಎತ್ತರವಾಗುವುದರಿಂದ ಅದರ ಮೇಲೆ ನಿಂತೇ ಅಳೆಯಿರಿ.

ಪ್ರಶ್ನೆ (ಡೊಂಬಿವಲಿ):

ಅಣ್ಣಾ, ನಾನು ಮನೆಯಲ್ಲೇ ರವಿಕೆ ಹೊಲಿದು ಕೊಡುತ್ತೇನೆ. ಬಟ್ಟೆ ಕತ್ತರಿಸುವುದು, ಇಸ್ತ್ರಿ ಮಾಡುವುದು ಎಲ್ಲವೂ ವಿಟ್ರಿಫೈಡ್ ಟೈಲ್ಸಿನ ಮೇಲೆ ಬರಿಗಾಲಿನಲ್ಲಿ ನಿಂತೇ ಆಗಬೇಕು. ಮೂರನೆಯ ಮಹಡಿಯ ಫ್ಲ್ಯಾಟಿಗೆ ಅಷ್ಟು ಭಾರದ ರಬ್ಬರ್ ತರುವುದು ಕಷ್ಟ. ನನಗೂ ಫೋಮ್ ಬೇಡವೇ?

ಉತ್ತರ:

ನಿಮಗೆ ಫೋಮ್ ನಡೆಯುತ್ತದೆ, ತಂಗಿ. ಭಾರದ ಯಂತ್ರಗಳಿಲ್ಲ, ಮರದ ಹೊಟ್ಟಿಲ್ಲ, ತೇವವೂ ಇಲ್ಲ. ಕತ್ತರಿಸುವ ಮೇಜಿನ ಉದ್ದಕ್ಕೆ ಎರಡು ಅಡಿ ಅಗಲದ, 15 ಮಿ.ಮೀ. ದಪ್ಪದ, ಒತ್ತಿದರೆ ಬಿಗಿಯಾಗಿರುವ ಒಂದೇ ತುಂಡಿನ ಹಾಸು ತೆಗೆದುಕೊಳ್ಳಿ, ಅದು ತಗ್ಗಾದಾಗ ತಿರುಗಿಸಿ ಹಾಕಿ. ನಯವಾದ ಟೈಲ್ಸಿನ ಮೇಲೆ ಜಾರದಂತೆ ಕೆಳಗೆ ಜಾಳಿಗೆಯಂಥ ಆಂಟಿಸ್ಕಿಡ್ ಹಾಳೆ ಹಾಕಿ. ಒಂದು ಎಚ್ಚರಿಕೆ ಇದೆ: ಗುಂಡುಪಿನ್ನು ಟೈಲ್ಸಿನ ಮೇಲೆ ಬಿದ್ದರೆ ಸದ್ದಾಗುತ್ತದೆ, ಮಲಗಿಕೊಂಡೇ ಇರುತ್ತದೆ, ಫೋಮಿನ ಮೇಲೆ ಬಿದ್ದರೆ ಸದ್ದೂ ಇಲ್ಲ, ಎಷ್ಟೋ ಸಲ ನೆಟ್ಟಗೆ ನಾಟಿಕೊಂಡು ನಿಂತಿರುತ್ತದೆ. ಆದ್ದರಿಂದ ಒಂದು ಜೊತೆ ದಪ್ಪ ತಳದ ಚಪ್ಪಲಿಯನ್ನು ಮನೆಯೊಳಗಿನ ಕೆಲಸಕ್ಕೆಂದೇ ತೆಗೆದಿಡಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಈ ಕೆಲಸ ಮಾಡುತ್ತಿದ್ದರೆ ಇದು ಕಡ್ಡಾಯ ಎಂದೇ ತಿಳಿಯಿರಿ, ಪಾದಕ್ಕೆ ಚುಚ್ಚಿದ್ದು ಅವರಿಗೆ ಗೊತ್ತಾಗದೇ ಹೋಗಬಹುದು. ಇಸ್ತ್ರಿ ಪೆಟ್ಟಿಗೆ ಬಿದ್ದರೆ ಇವಿಎ ಕರಗುತ್ತದೆ, ಆ ಜಾಗದಲ್ಲಿ ಹಾಸು ಬೇಡ.

ಹಬ್ಬಕ್ಕೆ ಮಾತ್ರ ಹೊರಗೆ ಬರುವ ಮರದ ಮಣೆ ಮನೆಯಲ್ಲಿದ್ದರೆ ಮೇಜಿನ ಕೆಳಗಿಟ್ಟು, ಒಂದೊಂದು ಕಾಲನ್ನು ಸರದಿಯಂತೆ ಅದರ ಮೇಲಿಡಿ. 10ರಿಂದ 15 ಸೆಂ.ಮೀ. ಎತ್ತರ ಸಾಕು, ಸೊಂಟಕ್ಕೆ ಹಗುರವೆನಿಸುತ್ತದೆ.

ಪ್ರಶ್ನೆ (ಮಡಗಾಂವ್, ಗೋವಾ):

ನಾನು ಮನೆಯ ಗ್ಯಾರೇಜಿನಲ್ಲಿ ಹಳೆಯ ಬೈಕುಗಳನ್ನು ಬಿಚ್ಚಿ ಜೋಡಿಸುತ್ತೇನೆ. ಎಣ್ಣೆ, ಪೆಟ್ರೋಲ್ ಚೆಲ್ಲುತ್ತದೆ, ಆಗಾಗ ವೆಲ್ಡಿಂಗ್ ಇರುತ್ತದೆ.

ಉತ್ತರ:

ಎಣ್ಣೆ ತಾಗಿದರೆ ಸಾಮಾನ್ಯ ರಬ್ಬರ್ ಉಬ್ಬಿ ಸಡಿಲವಾಗುತ್ತದೆ, ಆದ್ದರಿಂದ ನೈಟ್ರೈಲ್ ರಬ್ಬರ್ ಎಂದು ಕೇಳಿ ತೆಗೆದುಕೊಳ್ಳಿ. ವೆಲ್ಡಿಂಗ್ ಮತ್ತು ಗ್ರೈಂಡಿಂಗನ್ನು ಬರಿಯ ಕಾಂಕ್ರೀಟಿನ ಮೇಲೆಯೇ ಮಾಡಿ. ಪೆಟ್ರೋಲ್ ಹೀರಿದ ಯಾವ ಹಾಸೂ ಕಿಡಿ ಬೀಳುವಷ್ಟು ಹತ್ತಿರದಲ್ಲಿ ಇರಬಾರದು. ಅಷ್ಟು ಹೊತ್ತು ಕಾಲಿಗೆ ಬೇಕಾದ ಮೆತ್ತೆಯನ್ನು ಚರ್ಮದ ಬೂಟಿನೊಳಗಿನ ಇನ್‌ಸೋಲ್ ಕೊಡಲಿ.

ಮತ್ತೆ ಪ್ರಶ್ನೆ (ಕೊಥ್ರೂಡ್):

ಧನ್ಯವಾದ ಸರ್. ರಬ್ಬರನ್ನು ನೆಲಕ್ಕೆ ಅಂಟಿಸಬೇಕೇ? ನನ್ನ ನೆಲದಲ್ಲಿ ನಿಜವಾಗಿ ತೇವ ಏರುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ:

ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚುಗಳನ್ನು ಟೇಪಿನಿಂದ ಗಾಳಿಯಾಡದಂತೆ ಮುಚ್ಚಿ, ಕನಿಷ್ಠ 16 ಗಂಟೆ ಬಿಡಿ. ತೆಗೆದಾಗ ಹಾಳೆಯ ಕೆಳಗೆ ಹನಿಗಳಿದ್ದರೆ ಅಥವಾ ಕಲ್ಲಿನ ಬಣ್ಣ ಗಾಢವಾಗಿದ್ದರೆ ತೇವ ಕೆಳಗಿನಿಂದಲೇ ಬರುತ್ತಿದೆ. ಬೇಸಿಗೆಯಲ್ಲಿ ಒಣಗಿದೆಯೆಂದು ನಂಬಬೇಡಿ, ಮಳೆ ಹಿಡಿದ ಮೇಲೆ ಇನ್ನೊಮ್ಮೆ ನೋಡಿ. ಫರ್ಸಿಯ ಸಂದುಗಳಿಂದಲೇ ತೇವ ಹೆಚ್ಚಾಗಿ ಬರುವುದರಿಂದ ಹಾಳೆಯ ಕೆಳಗೆ ಒಂದು ಸಂದಾದರೂ ಇರಲಿ.

ಅಂಟಿಸಬೇಡಿ. ತೇವವಿರುವ ಕಲ್ಲಿನ ಮೇಲೆ ಅಂಟು ಹಿಡಿಯುವುದಿಲ್ಲ, ಹಿಡಿದರೂ ಕೆಳಗೆ ಬೂಷ್ಟು ಕಟ್ಟಿ ವಾಸನೆ ಬರುತ್ತದೆ. ತಳಭಾಗದಲ್ಲಿ ಗೀರು ಅಥವಾ ಸಣ್ಣ ಉಬ್ಬುಗಳಿರುವ ಮ್ಯಾಟ್ ಆರಿಸಿದರೆ ಕೆಳಗೆ ಸ್ವಲ್ಪ ಗಾಳಿಯಾಡುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮ್ಯಾಟ್‌ಗಳನ್ನು ಗೋಡೆಗೆ ಒರಗಿಸಿಟ್ಟು ನೆಲ ಒರೆಸಿ, ಫ್ಯಾನಿನ ಗಾಳಿಗೆ ಬಿಡಿ. ಗರಗಸದ ಮುಂದಿನದಕ್ಕೆ ಮಾತ್ರ ಒಣ ತಿಂಗಳುಗಳಲ್ಲಿ ಅಂಚಿಗೆ ಎರಡು ಬದಿಯ ಟೇಪ್ ಹಾಕಿಕೊಳ್ಳಬಹುದು.