ವಸಂತ ವಲಸೆ: ಟ್ಯಾಗ್ ಮೌನವಾದರೆ ಹಕ್ಕಿ ಸತ್ತಂತೆಯೇ?

ಪ್ರಶ್ನೆ: ಪಟ್ಟೆತಲೆ ಹೆಬ್ಬಾತಿನ ಸೌರ ಟ್ಯಾಗ್ (ಹಕ್ಕಿ ಇರುವ ಜಾಗವನ್ನು ಉಪಗ್ರಹದ ಮೂಲಕ ತಿಳಿಸುವ, ಬಿಸಿಲಿನಿಂದ ನಡೆಯುವ ಸಾಧನ), ಹಕ್ಕಿ ಉತ್ತರಕ್ಕೆ ಹೊರಟ ಮೇಲೆ 6 ದಿನದಿಂದ ಸುಮ್ಮನಿದೆ. ಅದಕ್ಕೂ ಮುಂಚೆ ನಕ್ಷೆಯಲ್ಲಿ ಹಕ್ಕಿಯ ಜಾಗ ತೋರಿಸುವ ಒಂದು ಬಿಂದು 40 ಕಿ.ಮೀ. ಪಕ್ಕಕ್ಕೆ ಜಿಗಿದಿತ್ತು. ಸತ್ತಿರಬಹುದೇ?

ಉತ್ತರ 1: ಇಷ್ಟು ಬೇಗ ಕೈಬಿಡಬೇಡಿ. ಕೊನೆಯ ಸಂದೇಶಗಳ ಬ್ಯಾಟರಿ ವೋಲ್ಟೇಜ್ ನೋಡಿ. ದಿನೇ ದಿನೇ ಇಳಿದಿದ್ದರೆ ಬೆನ್ನಿನ ಗರಿ ಸೌರಫಲಕವನ್ನು ಮುಚ್ಚಿರಬಹುದು, ಇಲ್ಲವೇ ಮೋಡ. ನಾಲ್ಕು ದಿನ ಬಿಸಿಲು ಬಿದ್ದರೆ ತಾನೇ ಮಾತಾಡೀತು.

ಉತ್ತರ 2: ಜಿಗಿದ ಬಿಂದುವಿನ ಆರ್ಗೋಸ್ ದರ್ಜೆ (ಜಾಗ ಎಷ್ಟು ನಿಖರ ಎಂದು ಆರ್ಗೋಸ್ ಉಪಗ್ರಹ ವ್ಯವಸ್ಥೆ ಕೊಡುವ ಗುರುತು) ಯಾವುದು? 3 ಇದ್ದರೆ ದೋಷ ಸುಮಾರು 250 ಮೀಟರ್‌ನೊಳಗೆ. ಎ, ಬಿ ದರ್ಜೆಗಳಿಗೆ ದೋಷ ಇಷ್ಟರೊಳಗೇ ಎಂದು ಹೇಳಲಾಗದು; ಉಪಗ್ರಹಕ್ಕೆ ಮೂರೋ ಅದಕ್ಕಿಂತ ಕಡಿಮೆಯೋ ಸಂದೇಶ ಮುಟ್ಟಿದಾಗ ಬರುವವು ಅವು. ಝಡ್ ಎಂದರೆ ಆ ಜಾಗವೇ ಅಸಿಂಧು, ಅದಾದರೆ ನಕ್ಷೆಯಿಂದ ತೆಗೆದುಬಿಡಿ.

ಉತ್ತರ 3: ಸಾವಿನ ಲಕ್ಷಣ ಸಾಮಾನ್ಯವಾಗಿ ಬೇರೆ. ಸಂದೇಶ ಬರುತ್ತಲೇ ಇರುತ್ತದೆ, ಜಾಗ ಮಾತ್ರ ಕದಲುವುದಿಲ್ಲ. ಚಲನೆಯ ಅಂಕಿ ಬದಲಾಗದು, ತಾಪಮಾನ ಹೊರಗಿನ ಗಾಳಿಯಂತೆ ಏರಿಳಿಯುತ್ತದೆ. ಟ್ಯಾಗ್ ಕಳಚಿ ಬಿದ್ದರೂ ಹೀಗೇ ಕಾಣುತ್ತದೆ, ಹೋಗಿ ನೋಡಿದರಷ್ಟೇ ಗೊತ್ತಾಗುವುದು.