‘ಪ್ರತೀಕ್ಷಾಲಯ’ವನ್ನು ವಾಕ್ಯದಲ್ಲಿ ಬಳಸುವುದು ಹೇಗೆ?

ಪ್ರಶ್ನೆ: ವೇಟಿಂಗ್ ರೂಮಿಗೆ ‘ಪ್ರತೀಕ್ಷಾಲಯ’ ಎನ್ನಬಹುದೇ? ವಿಭಕ್ತಿ ಸೇರಿಸಿದಾಗ ರೂಪ ಹೇಗಾಗುತ್ತದೆ? ಒಂದೆರಡು ವಾಕ್ಯ ಕೊಡಿ.

ಉತ್ತರ 1: ಧಾರಾಳವಾಗಿ. ‘ವಿದ್ಯಾಲಯ’ದಂತೆಯೇ ನಡೆಯುತ್ತದೆ: ಪ್ರತೀಕ್ಷಾಲಯವನ್ನು, ಪ್ರತೀಕ್ಷಾಲಯಕ್ಕೆ, ಪ್ರತೀಕ್ಷಾಲಯದಿಂದ, ಪ್ರತೀಕ್ಷಾಲಯದಲ್ಲಿ.
“ರೈಲು ತಡವಾದ್ದರಿಂದ ಪ್ರಯಾಣಿಕರು ಪ್ರತೀಕ್ಷಾಲಯದಲ್ಲೇ ಮಲಗಿದರು.”
“ಹೆಸರು ಕರೆದೊಡನೆ ರೋಗಿ ಪ್ರತೀಕ್ಷಾಲಯದಿಂದ ಎದ್ದು ಒಳಗೆ ಹೋದರು.”

ಉತ್ತರ 2: ಕಾಗುಣಿತ ತಪ್ಪುವುದು ‘ತೀ’ಯಲ್ಲಿ. ಪ್ರತಿ + ಈಕ್ಷಾ ಸವರ್ಣದೀರ್ಘ ಸಂಧಿ, ಹಾಗಾಗಿ ದೀರ್ಘವೇ ಸರಿ. ಅವಸರದಲ್ಲಿ ‘ಪರೀಕ್ಷಾಲಯ’ ಎಂದು ಬರೆದರೆ ಅರ್ಥವೇ ಬೇರೆ! ‘ಪ್ರತೀಕ್ಷಾಲಯ ಕೊಠಡಿ’ ಬೇಡ. ‘ಆಲಯ’ ಎಂದರೇ ಜಾಗ. ‘ಪ್ರತೀಕ್ಷಾಲಯದಲ್ಲಿ ಪ್ರತೀಕ್ಷಿಸಿದರು’ ಎನ್ನುವುದೂ ಕಿವಿಗೆ ಭಾರ, ‘ಕಾದರು’ ಸಾಕು.

ಉತ್ತರ 3: ಫಲಕಕ್ಕೆ, ವರದಿಗೆ ಒಪ್ಪುವ ಪದ. ಸಂಭಾಷಣೆಯಲ್ಲಿ ಕೃತಕ, ಅಲ್ಲಿ ‘ಕಾಯುವ ಕೋಣೆ’ ಎನ್ನಿ. ‘ತಂಗುದಾಣ’ ಬಸ್ಸಿಗೆ ಕಾಯುವಲ್ಲಿಗೆ ರೂಢಿ, ಆಸ್ಪತ್ರೆಗೆ ಹೊಂದದು.